ಗ್ರೀನ್‌ವಿಲ್‌ನ ಎಸ್‌ಇಸಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೂರ್ನಿ: ಟಿಕೆಟ್ ಕೊಳ್ಳುವುದಾದರೆ ಶುಕ್ರವಾರದ್ದೇ ಕೊಳ್ಳಿ

ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ತಿಂಗಳ ಮೊದಲ ವಾರ ದೊಡ್ಡ ಕಾನ್ಫರೆನ್ಸ್ ಟೂರ್ನಿಗಳಿಗೆ ಮೀಸಲು. ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಕ್ಕೂಟಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಜನವರಿ, ಫೆಬ್ರುವರಿ ಉದ್ದಕ್ಕೂ ಊರಿಂದೂರಿಗೆ ಹೋಗಿ ಪರಸ್ಪರ ಲೀಗ್ ಪಂದ್ಯಗಳನ್ನು ಆಡಿ ಮುಗಿಸಿದ ತಂಡಗಳು ಕೊನೆಗೆ ಒಂದೇ ನಗರದಲ್ಲಿ, ಒಂದೇ ಸೂರಿನಡಿ ಸೇರಿ, ಸೋತವರು ಅಂದೇ ಗಂಟುಮೂಟೆ ಕಟ್ಟಬೇಕಾದ ಕ್ರಮದಲ್ಲಿ ನಾಲ್ಕೈದು ದಿನ ಸೆಣಸುತ್ತವೆ. ಗೆದ್ದ ತಂಡಕ್ಕೆ 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ ಸಿಗುತ್ತದೆ. ಇಂತಹ ಟೂರ್ನಿಗಳಲ್ಲಿ ಆಟದ ಮಟ್ಟದಿಂದಲೂ ಪ್ರೇಕ್ಷಕರ ಉತ್ಸಾಹದಿಂದಲೂ ಮುಂಚೂಣಿಯಲ್ಲಿರುವುದು ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, ದಕ್ಷಿಣ ಕೆರೊಲೈನಾ ರಾಜ್ಯದ ಗ್ರೀನ್‌ವಿಲ್ ನಗರದಲ್ಲಿ ನಡೆಸುವ ಟೂರ್ನಿ. 2025ರ ಮಾರ್ಚ್ 5ರಿಂದ 9ರವರೆಗೆ ನಡೆದ ಆವೃತ್ತಿಯನ್ನು ಮುಖ್ಯವಾಗಿ ಇಟ್ಟುಕೊಂಡು, ಹಣ ಕೊಟ್ಟು ಕುಳಿತು ನೋಡುವ ಪ್ರೇಕ್ಷಕನಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾರ್ಲಟ್, ಅಟ್ಲಾಂಟಾ, ಕೊಲಂಬಿಯ ಸುತ್ತಮುತ್ತ ನೆಲೆಸಿ, ಮನೆಯಲ್ಲಿ ಆಟ ಕಲಿಯುವ ಹೆಣ್ಣುಮಕ್ಕಳಿರುವ ಕನ್ನಡಿಗರಿಗೆ ಇದರಿಂದ ಉಪಯೋಗವಾದೀತು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಟೂರ್ನಿಯಲ್ಲಿ ಅತಿ ದುಬಾರಿಯಾದ ದಿನ ಭಾನುವಾರ, ಅತಿ ಬೆಲೆಬಾಳುವ ದಿನ ಶುಕ್ರವಾರ. ಫೈನಲ್ ನೋಡಿದೆವೆಂದು ಹೇಳಿಕೊಳ್ಳುವ ಹೆಮ್ಮೆಗಾಗಿ ಹಣ ಸುರಿಯುವವರನ್ನು ನಾನು ತಡೆಯುವುದಿಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ನೋಡಲು ಬರುವವರು ನಾಲ್ಕು ಕ್ವಾರ್ಟರ್ ಫೈನಲ್‌ಗಳು ಒಂದೇ ದಿನ ನಡೆಯುವ ಶುಕ್ರವಾರವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಲು ಬಲವಾದ ಕಾರಣ ಬೇಕು. ಜಾತ್ರೆಯಲ್ಲಿ ತೇರು ಎಳೆಯುವ ಗಳಿಗೆಗಿಂತ ಅದರ ಹಿಂದಿನ ದಿನದ ಓಡಾಟವೇ ಹೆಚ್ಚು ರುಚಿಸುವುದಿಲ್ಲವೇ, ಇದೂ ಹಾಗೆಯೇ.

ಟೂರ್ನಿಯ ರಚನೆ ಅರ್ಥವಾದರೆ ಈ ಮಾತಿನ ಕಾರಣ ತಾನಾಗಿ ಹೊಳೆಯುತ್ತದೆ. ಟೆಕ್ಸಸ್ ಮತ್ತು ಒಕ್ಲಹೋಮ 2024ರ ಜುಲೈನಲ್ಲಿ ಸೇರಿಕೊಂಡ ಮೇಲೆ ಎಸ್‌ಇಸಿಯಲ್ಲಿ 16 ತಂಡಗಳಾದವು, ಹದಿನಾರಕ್ಕೆ ಹದಿನಾರೂ ಗ್ರೀನ್‌ವಿಲ್‌ಗೆ ಬರುತ್ತವೆ. ಲೀಗ್‌ನಲ್ಲಿ ಮೊದಲ ನಾಲ್ಕು ಸ್ಥಾನ ಪಡೆದ ತಂಡಗಳಿಗೆ ಎರಡು ಸುತ್ತಿನ ಬೈ ಇರುತ್ತದೆ. ಅವು ಶುಕ್ರವಾರದವರೆಗೂ ಅಂಕಣಕ್ಕೆ ಇಳಿಯುವುದಿಲ್ಲ. ಐದರಿಂದ ಎಂಟನೆಯ ಸ್ಥಾನದವರು ಗುರುವಾರ ಆಟ ಆರಂಭಿಸುತ್ತಾರೆ. ಉಳಿದ ಎಂಟು ತಂಡಗಳು ಬುಧವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾಲ್ಕು ಪಂದ್ಯಗಳಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು, ಗೆದ್ದ ನಾಲ್ಕು ತಂಡಗಳು ಗುರುವಾರಕ್ಕೆ ಏರುತ್ತವೆ. ಬುಧವಾರ ಆಡಲು ಶುರುಮಾಡಿದ ತಂಡ ಕಪ್ ಎತ್ತಬೇಕಾದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಒಂದನೇ ಶ್ರೇಯಾಂಕದ ತಂಡಕ್ಕೆ ಮೂರು ಗೆಲುವು ಸಾಕು. ಇಪ್ಪತ್ತರ ಹರೆಯದ ಕಾಲುಗಳಿಗೂ ಇದು ಸಮನಾದ ಪಂದ್ಯವಲ್ಲ. ಹೀಗಾಗಿ ದಣಿದರೂ ಇನ್ನೂ ಪೂರ್ತಿ ಸೋತುಹೋಗದ ಕೆಳಗಿನ ತಂಡಗಳೂ, ವಿಶ್ರಾಂತಿ ಪಡೆದು ಬಂದು ಇನ್ನೂ ಅಂಕಣಕ್ಕೆ ಒಗ್ಗಿಕೊಳ್ಳದ ಮೇಲಿನ ತಂಡಗಳೂ ಎದುರುಬದುರಾಗುವ ಏಕೈಕ ದಿನ ಶುಕ್ರವಾರ. ಶನಿವಾರದ ಹೊತ್ತಿಗೆ ಆ ಲೆಕ್ಕ ಬಹುಮಟ್ಟಿಗೆ ಇತ್ಯರ್ಥವಾಗಿರುತ್ತದೆ.

2025ರಲ್ಲಿ ಒಂದನೇ ಶ್ರೇಯಾಂಕ ಯಾರಿಗೆ ಎಂಬುದು ನಿರ್ಧಾರವಾದದ್ದು ನಾಣ್ಯ ಚಿಮ್ಮಿ. ಸೌತ್ ಕೆರೊಲೈನಾ ಮತ್ತು ಟೆಕ್ಸಸ್ ಎರಡೂ ಲೀಗ್‌ನಲ್ಲಿ 15 ಗೆದ್ದು 1 ಸೋತಿದ್ದವು. ಆ ಒಂದೊಂದು ಸೋಲನ್ನೂ ಒಬ್ಬರಿಗೊಬ್ಬರು ಉಣಿಸಿದ್ದರು. ಜನವರಿಯಲ್ಲಿ ಕೊಲಂಬಿಯದಲ್ಲಿ ಸೌತ್ ಕೆರೊಲೈನಾ 67–50ರಿಂದ ಗೆದ್ದರೆ, ಫೆಬ್ರುವರಿಯಲ್ಲಿ ಆಸ್ಟಿನ್‌ನಲ್ಲಿ ಟೆಕ್ಸಸ್ 66–62ರಿಂದ ಸೇಡು ತೀರಿಸಿಕೊಂಡಿತು. ಸಮಬಲ ಮುರಿಯುವ ನಿಯಮಗಳೆಲ್ಲ ಮುಗಿದ ಮೇಲೆ ಕಾನ್ಫರೆನ್ಸ್‌ನ ಕಮಿಷನರ್ ಗ್ರೆಗ್ ಸ್ಯಾಂಕಿ ಟಿವಿ ಕ್ಯಾಮೆರಾದ ಮುಂದೆ ನಾಣ್ಯ ಚಿಮ್ಮಿದರು, ಅದೃಷ್ಟ ಸೌತ್ ಕೆರೊಲೈನಾ ಪಾಲಿಗೆ ಒಲಿಯಿತು. ಎರಡು ತಿಂಗಳ ಶ್ರಮದ ಫಲವನ್ನು ಟಾಸ್‌ಗೆ ಒಪ್ಪಿಸಿದ್ದು ಕೆಲವರಿಗೆ ತಮಾಷೆಯಾಗಿ ಕಂಡಿತು. ಎರಡೂ ತಂಡಗಳು ಡ್ರಾದ ಎರಡು ತುದಿಗಳಲ್ಲೇ ಇರುತ್ತಿದ್ದುದರಿಂದ ಅದರಿಂದ ಪ್ರೇಕ್ಷಕರಿಗೆ ಆದ ನಷ್ಟವೇನೂ ಇಲ್ಲ.

ಈಗ ಶುಕ್ರವಾರದ ಮಾತಿಗೆ ಬರುತ್ತೇನೆ. ಆ ದಿನ ಸೌತ್ ಕೆರೊಲೈನಾ ವ್ಯಾಂಡರ್‌ಬಿಲ್ಟ್ ತಂಡವನ್ನು, ಟೆಕ್ಸಸ್ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡವನ್ನು, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಫ್ಲಾರಿಡಾವನ್ನು, ಒಕ್ಲಹೋಮ ಕೆಂಟಕಿಯನ್ನು ಸೋಲಿಸಿದವು. ಫಲಿತಾಂಶದ ಪಟ್ಟಿ ಓದಿದವರಿಗೆ ವಿಶೇಷವೇನೂ ಕಾಣದು. ಒಳಗೆ ಕುಳಿತವರಿಗೆ ಕಂಡದ್ದು ಬೇರೆ. ವ್ಯಾಂಡರ್‌ಬಿಲ್ಟ್‌ನ ಮಿಕೇಲಾ ಬ್ಲೇಕ್ಸ್ ಆಗ ಮೊದಲ ವರ್ಷದ ವಿದ್ಯಾರ್ಥಿನಿ. ಅದೇ ಋತುವಿನಲ್ಲಿ ಫ್ಲಾರಿಡಾ ವಿರುದ್ಧ 53, ಆಬರ್ನ್ ವಿರುದ್ಧ 55 ಪಾಯಿಂಟ್ ಗಳಿಸಿ, ಮೊದಲ ವರ್ಷದ ಆಟಗಾರ್ತಿಯರ ದಾಖಲೆಯನ್ನು ಒಂದೇ ತಿಂಗಳೊಳಗೆ ಬರೆದು ತಾನೇ ತಿದ್ದಿದ್ದ ಹುಡುಗಿ. ಅವಳು ಚೆಂಡು ಹಿಡಿದೊಡನೆ ಸೌತ್ ಕೆರೊಲೈನಾದ ರಕ್ಷಣೆ ಹೇಗೆ ಕುಗ್ಗಿ ಹಿಗ್ಗುತ್ತದೆ, ಒಬ್ಬಳು ಎದುರು ನಿಂತರೆ ಇನ್ನೊಬ್ಬಳು ಅವಳ ದಾರಿ ಎಲ್ಲಿಗೆ ಹೋಗಬಹುದೆಂದು ಮೊದಲೇ ಊಹಿಸಿ ಎರಡು ಹೆಜ್ಜೆ ಎಡಕ್ಕೆ ಸರಿಯುವುದು ಹೇಗೆ ಎಂಬುದನ್ನು ಟಿವಿ ತೋರಿಸುವುದೇ ಇಲ್ಲ, ಏಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಮೇಲಿನ ಸಾಲಿನ ಅಗ್ಗದ ಸೀಟಿನಿಂದ ಅದು ಅಂಗೈ ಗೆರೆಯಷ್ಟು ಸ್ಪಷ್ಟ.

ಒಕ್ಲಹೋಮ ಮತ್ತು ಕೆಂಟಕಿ ನಡುವಿನ ಪಂದ್ಯವಂತೂ ಕೊನೆಯವರೆಗೂ ಜಿದ್ದಾಜಿದ್ದಿಯಾಗಿ ಸಾಗಿತು. ಕೆಂಟಕಿಯ ಆಟದ ಜೀವಾಳ ಆಗ ಆಸ್ಟ್ರೇಲಿಯದ ಜಾರ್ಜಿಯಾ ಅಮೋರ್. ಎತ್ತರ 5 ಅಡಿ 6 ಅಂಗುಲ. ತನ್ನ ಕೋಚ್ ಕೆನಿ ಬ್ರೂಕ್ಸ್ 2024ರಲ್ಲಿ ವರ್ಜೀನಿಯಾ ಟೆಕ್ ಬಿಟ್ಟು ಕೆಂಟಕಿಗೆ ಬಂದಾಗ ಅವರ ಜೊತೆಯಲ್ಲೇ ಬಂದವಳು. ಅವಳಿಗಿಂತ ಹತ್ತಿರಹತ್ತಿರ ಒಂದಡಿ ಎತ್ತರದ ಕ್ಲಾರಾ ಸ್ಟ್ರ್ಯಾಕ್ ಮೂರು ಪಾಯಿಂಟಿನ ಗೆರೆಯ ಬಳಿ ಬಂದು ಗೋಡೆಯಂತೆ ನಿಲ್ಲುತ್ತಾಳೆ, ಅಮೋರ್ ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದ ಸುತ್ತಿ ಹೋಗುತ್ತಾಳೆ, ಆ ಕ್ಷಣದಲ್ಲಿ ಎದುರಾಳಿಯ ಇಬ್ಬರು ರಕ್ಷಕಿಯರು ಅರೆ ಸೆಕೆಂಡಿನೊಳಗೆ ತೀರ್ಮಾನ ಮಾಡಬೇಕು: ಚೆಂಡಿನ ಹಿಂದೆ ಇಬ್ಬರೂ ಹೋದರೆ ಸ್ಟ್ರ್ಯಾಕ್ ಬುಟ್ಟಿಯ ಕಡೆ ಒಂಟಿಯಾಗಿ ಓಡುತ್ತಾಳೆ, ಹಿಂದೆ ಸರಿದು ನಿಂತರೆ ಅಮೋರ್ ಅಲ್ಲಿಂದಲೇ ಮೂರು ಪಾಯಿಂಟ್ ಎಸೆಯುತ್ತಾಳೆ. ಪಿಕ್ ಅಂಡ್ ರೋಲ್ ಎಂಬ ಈ ಹಳೆಯ ಪಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ಆಡುವ ಜೋಡಿ ಕಾಲೇಜು ಮಟ್ಟದಲ್ಲಿ ಅಪರೂಪ. ಒಕ್ಲಹೋಮದ ಉತ್ತರ ರೇಗನ್ ಬಿಯರ್ಸ್. 6 ಅಡಿ 4 ಅಂಗುಲದ ಈ ಆಟಗಾರ್ತಿ ಬುಟ್ಟಿಯ ಕೆಳಗೆ ಒಮ್ಮೆ ನೆಲೆಯೂರಿದರೆ ಅವಳನ್ನು ಅಲ್ಲಿಂದ ಅಲುಗಿಸಲು ಫೌಲ್ ಮಾಡದೆ ಗತ್ಯಂತರವಿಲ್ಲ. ಚುರುಕಿಗೂ ಬಲಕ್ಕೂ ನಡೆದ ಆ ಪಂದ್ಯದಲ್ಲಿ ಒಕ್ಲಹೋಮ ಕೆಲವೇ ಪಾಯಿಂಟ್‌ಗಳ ಅಂತರದಲ್ಲಿ ಬಚಾವಾಯಿತು. ಆ ವಾರದ ಎಲ್ಲ ಪಂದ್ಯಗಳಲ್ಲಿ ನನ್ನ ಆಯ್ಕೆ ಇದೇ.

ಶುಕ್ರವಾರಕ್ಕೆ ಇನ್ನೊಂದು ತೂಕವೂ ಇದೆ. ರಾಷ್ಟ್ರೀಯ ಟೂರ್ನಿಯಲ್ಲಿ ಮೊದಲ 16 ಶ್ರೇಯಾಂಕ ಪಡೆದ ತಂಡಗಳು ಮೊದಲ ಎರಡು ಸುತ್ತುಗಳನ್ನು ತಮ್ಮದೇ ಕ್ಯಾಂಪಸ್ಸಿನಲ್ಲಿ ಆಡುತ್ತವೆ. ಪುರುಷರ ಟೂರ್ನಿಯಲ್ಲಿ ಈ ಅನುಕೂಲವಿಲ್ಲ. ತವರಿನ ಅಂಗಳದಲ್ಲಿ ಎರಡು ಪಂದ್ಯ ಆಡುವುದು ಮಹಿಳಾ ತಂಡಗಳಿಗೆ ಎಷ್ಟು ದೊಡ್ಡ ಲಾಭವೆಂದರೆ, ಹದಿನಾರರ ಗಡಿಯ ಆಚೀಚೆ ತೂಗಾಡುತ್ತಿರುವ ತಂಡಗಳಿಗೆ ಗ್ರೀನ್‌ವಿಲ್‌ನಲ್ಲಿ ಒಂದು ಹೆಚ್ಚಿನ ಗೆಲುವು ಕಾನ್ಫರೆನ್ಸ್ ಕಪ್‌ಗಿಂತ ಮುಖ್ಯವಾಗಬಹುದು. ಜೊತೆಗೆ 2025ರಿಂದ ಮಹಿಳೆಯರ ರಾಷ್ಟ್ರೀಯ ಟೂರ್ನಿಯಲ್ಲೂ ತಂಡಗಳ ಸಾಧನೆಗೆ ತಕ್ಕಂತೆ ಆಯಾ ಕಾನ್ಫರೆನ್ಸ್‌ಗಳಿಗೆ ಹಣ ಸಲ್ಲುವ ವ್ಯವಸ್ಥೆ ಬಂದಿದೆ. ಪುರುಷರಿಗೆ ದಶಕಗಳಿಂದ ಇದ್ದದ್ದು ಇದು. ಆ ವರ್ಷ ಎಸ್‌ಇಸಿಯಿಂದ 10 ತಂಡಗಳು ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾದವು. ಹಾಗೆಂದರೆ, ಕಪ್ ಗೆಲ್ಲುವ ಆಸೆ ಇಟ್ಟುಕೊಳ್ಳದ ತಂಡಗಳೂ ಶುಕ್ರವಾರ ಜೀವ ಒತ್ತೆಯಿಟ್ಟು ಆಡುತ್ತವೆ.

ಆದರೆ ಇದೇ ಲೆಕ್ಕಾಚಾರ ಮೇಲಿನ ತಂಡಗಳಿಗೆ ತಿರುಗುಮುರುಗಾಗಿ ಕೆಲಸ ಮಾಡುತ್ತದೆ, ಪ್ರೇಕ್ಷಕರು ಟಿಕೆಟ್ ಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು. ರಾಷ್ಟ್ರೀಯ ಟೂರ್ನಿಗೆ ಪ್ರವೇಶ ಹೇಗೂ ಖಾತ್ರಿಯಿರುವ ತಂಡಕ್ಕೆ ಗ್ರೀನ್‌ವಿಲ್‌ಗಿಂತ ಎರಡು ವಾರದ ನಂತರದ ಪಂದ್ಯಗಳೇ ಮುಖ್ಯ. 2025ರಲ್ಲಿ ಎಲ್‌ಎಸ್‌ಯು ತಂಡದ ಫ್ಲಾಜೇ ಜಾನ್ಸನ್ ಮೊಣಕಾಲ ಕೆಳಗಿನ ಎಲುಬಿನ ನೋವಿನಿಂದಾಗಿ ಟೂರ್ನಿಯಿಂದ ದೂರ ಉಳಿದರು. ಕಾರಣ ನ್ಯಾಯವಾದದ್ದೇ. ಆದರೂ ಅವಳ ಹೆಸರಿನ ಜೆರ್ಸಿ ತೊಟ್ಟು ದೂರದೂರುಗಳಿಂದ ಬಂದಿದ್ದ ಪುಟ್ಟ ಹುಡುಗಿಯರು ಅಂಕಣದ ಅಂಚಿನಲ್ಲಿ ಅವಳು ಟ್ರ್ಯಾಕ್ ಸೂಟಿನಲ್ಲಿ ಕುಳಿತಿದ್ದನ್ನು ನೋಡಿ ತೃಪ್ತಿಪಡಬೇಕಾಯಿತು. ಶನಿವಾರದ ಸೆಮಿಫೈನಲ್‌ನಲ್ಲಿ ಎಲ್‌ಎಸ್‌ಯು 49 ಪಾಯಿಂಟ್‌ಗೆ ನಿಂತುಹೋಗಿ ಟೆಕ್ಸಸ್ ಎದುರು 56–49ರಿಂದ ಸೋತಿತು. ಕೋಚ್ ವಿಕ್ ಶೇಫರ್ ಅವರ ಟೆಕ್ಸಸ್ ತಂಡ ಮೂರು ಪಾಯಿಂಟಿನ ಎಸೆತಗಳಿಗೆ ಹೆಚ್ಚು ಆಸೆಪಡದೆ, ಎದುರಾಳಿಯ ಉಸಿರುಗಟ್ಟಿಸುವ ರಕ್ಷಣೆಯನ್ನೇ ನಂಬಿ ಆಡುತ್ತದೆ. ಅಂತಹ ಆಟವನ್ನು ಮೆಚ್ಚುವ ರಸಿಕರೂ ಇದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ.

ಟೂರ್ನಿಯ ಅತಿ ದೊಡ್ಡ ಕೊರತೆಯೆಂದರೆ ಅದರ ಸ್ಥಳ. ಹೊರನೋಟಕ್ಕೆ ಗ್ರೀನ್‌ವಿಲ್ ತಟಸ್ಥ ಊರು. ಎಸ್‌ಇಸಿಯ ಯಾವ ವಿಶ್ವವಿದ್ಯಾಲಯವೂ ಇಲ್ಲಿಲ್ಲ. ಆದರೆ ಕೊಲಂಬಿಯದಲ್ಲಿರುವ ಸೌತ್ ಕೆರೊಲೈನಾ ವಿಶ್ವವಿದ್ಯಾಲಯಕ್ಕೆ ಇಲ್ಲಿಂದ ಸುಮಾರು ನೂರು ಮೈಲಿ, ಕಾರಿನಲ್ಲಿ ಎರಡು ಗಂಟೆಯೂ ಬೇಡ. ಡಾನ್ ಸ್ಟೇಲಿ 2008ರಲ್ಲಿ ಕೋಚ್ ಆಗಿ ಬಂದ ಮೇಲೆ ಆ ತಂಡ ದೇಶದಲ್ಲೇ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆಯುವ ಮಹಿಳಾ ಕಾಲೇಜು ತಂಡಗಳ ಸಾಲಿನ ಮೊದಲಿಗೆ ಬಂದಿದೆ. ಅವರು ಆಡುವ ಪಂದ್ಯದಲ್ಲಿ ಇಡೀ ಅರೀನಾ ಕಡುಗೆಂಪಾಗುತ್ತದೆ. ಒಂದು ಬದಿಯವರು ತಂಡದ ಹೆಸರಿನ ಅರ್ಧವನ್ನು ಕೂಗಿದರೆ ಎದುರು ಬದಿಯವರು ಉಳಿದರ್ಧವನ್ನು ಕೂಗಿ ಮುಗಿಸುತ್ತಾರೆ. ಆ ಸದ್ದಿನ ನಡುವೆ ಎದುರಾಳಿ ತಂಡದ ಹುಡುಗಿ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಚೆಂಡನ್ನು ಪುಟಿಸುವುದನ್ನು ನೋಡಿದರೆ ತಟಸ್ಥ ಸ್ಥಳವೆಂಬುದು ಕಾಗದದ ಮೇಲಿನ ಮಾತೆಂದು ಯಾರಿಗಾದರೂ ಅರ್ಥವಾಗುತ್ತದೆ. 2025ರ ಫೈನಲ್‌ನಲ್ಲಿ ಟೆಕ್ಸಸ್ 45 ಪಾಯಿಂಟ್ ಮಾತ್ರ ಗಳಿಸಿ 64–45ರಿಂದ ಸೋತಿತು. ಕ್ಲೋಯಿ ಕಿಟ್ಸ್ ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದರು. ಸೌತ್ ಕೆರೊಲೈನಾಕ್ಕೆ ಅದು ಸತತ ಮೂರನೆಯ, 2015ರಿಂದ ಈಚೆಗೆ ಒಂಬತ್ತನೆಯ ಕಪ್. ಕೊನೆಯ ಕ್ವಾರ್ಟರಿನ ಹೊತ್ತಿಗೆ ಪಂದ್ಯದಲ್ಲಿ ಉಳಿದಿದ್ದ ಕುತೂಹಲ ಅಷ್ಟಕ್ಕಷ್ಟೇ. ದುಬಾರಿ ಟಿಕೆಟ್ ಕೊಂಡು ಬಂದ ತಟಸ್ಥ ಪ್ರೇಕ್ಷಕನಿಗೆ ಇದು ಒಬ್ಬರ ಮನೆಯ ಹಬ್ಬಕ್ಕೆ ಅತಿಥಿಯಾಗಿ ಹೋದ ಅನುಭವ.

ಈ ಆಕ್ಷೇಪಕ್ಕೆ ಎದುರುತ್ತರವೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. 2019ರಲ್ಲಿ ಇದೇ ಗ್ರೀನ್‌ವಿಲ್‌ನಲ್ಲಿ, ಇದೇ ಜನರ ಎದುರು, ಹತ್ತನೇ ಶ್ರೇಯಾಂಕದ ಆರ್ಕನ್ಸಾ ಕ್ವಾರ್ಟರ್ ಫೈನಲ್‌ನಲ್ಲಿ ಸೌತ್ ಕೆರೊಲೈನಾವನ್ನು 95–89ರಿಂದ ಮಣಿಸಿ ಫೈನಲ್‌ವರೆಗೂ ಹೋಗಿತ್ತು. ಅದೂ ನಡೆದದ್ದು ಶುಕ್ರವಾರವೇ ಎಂಬುದನ್ನು ಓದುಗರು ಗಮನಿಸಬೇಕು. ಆದರೆ ಫೈನಲ್‌ನಲ್ಲಿ ಸೌತ್ ಕೆರೊಲೈನಾಕ್ಕೆ ಮರೆಯಲಾಗದ ಪೆಟ್ಟು ಬಿದ್ದದ್ದು ಟೂರ್ನಿ ನ್ಯಾಶ್‌ವಿಲ್‌ಗೆ ಹೋದ 2022ರಲ್ಲಿ. ಏಳನೇ ಶ್ರೇಯಾಂಕದ ಕೆಂಟಕಿ ನಾಲ್ಕು ದಿನದಲ್ಲಿ ನಾಲ್ಕು ಪಂದ್ಯ ಗೆದ್ದು, ಕೊನೆಯ ನಾಲ್ಕು ಸೆಕೆಂಡು ಚಿಲ್ಲರೆ ಉಳಿದಿರುವಾಗ ಡ್ರಿಯೂನಾ ಎಡ್ವರ್ಡ್ಸ್ ಎಸೆದ ಮೂರು ಪಾಯಿಂಟಿನ ಶಾಟ್‌ನಿಂದ 64–62ರಲ್ಲಿ ಕಪ್ ಕಸಿದುಕೊಂಡಿತು. ಆ ತಂಡಕ್ಕೆ ಅದು 1982ರ ನಂತರದ ಮೊದಲ ಕಪ್. ಅದೇ ಸೌತ್ ಕೆರೊಲೈನಾ ತಂಡ ಮುಂದಿನ ತಿಂಗಳು ರಾಷ್ಟ್ರೀಯ ಚಾಂಪಿಯನ್ ಆಯಿತು. ಟೂರ್ನಿ ಮೂರು ವರ್ಷಕ್ಕೊಮ್ಮೆಯಾದರೂ ಬೇರೆ ಊರಿಗೆ ಹೋಗಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ.

ಹಾಗೆಂದು ಪೂರ್ತಿ ತಟಸ್ಥವಾದ ಊರಿನಲ್ಲಿ ಆಡಿಸಿದರೆ ಎಲ್ಲವೂ ಸರಿಹೋಗುತ್ತದೆಂದೂ ಹೇಳಲಾರೆ. ಅದೇ 2025ರ ಮಾರ್ಚ್ 9ರಂದು ಬಿಗ್ ಟೆನ್ ಕಾನ್ಫರೆನ್ಸ್‌ನ ಫೈನಲ್ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಿತು. ಆಡಿದ ಎರಡೂ ತಂಡಗಳು, ಯುಸಿಎಲ್‌ಎ ಮತ್ತು ಯುಎಸ್‌ಸಿ, ಲಾಸ್ ಏಂಜಲೀಸ್ ನಗರದವು. ಒಂದೇ ಊರಿನ ಎರಡು ಕಾಲೇಜುಗಳು ದೇಶದ ಅರ್ಧಭಾಗ ಹಾರಿಬಂದು, ತಮ್ಮ ಬೆಂಬಲಿಗರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದಿರುವಾಗ ಆಡಿದ ಆ ಪಂದ್ಯವನ್ನು ಯುಸಿಎಲ್‌ಎ 72–67ರಿಂದ ಗೆದ್ದಿತು. ಆಟ ಗ್ರೀನ್‌ವಿಲ್‌ನ ಫೈನಲ್‌ಗಿಂತ ಎಷ್ಟೋ ಬಿಗಿಯಾಗಿತ್ತು. ಆದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಅರ್ಧ ಆಟ, ಅರ್ಧ ಜನ. ಆ ದೃಷ್ಟಿಯಿಂದ ನೋಡಿದರೆ ಗ್ರೀನ್‌ವಿಲ್‌ನಲ್ಲಿ ಸಿಗುವ ಸದ್ದು ಮತ್ತು ಬಿಸಿ ಬೇರೆಲ್ಲೂ ಸಿಗುವುದು ಕಷ್ಟ.

ಆ ಬಿಸಿ ಒಮ್ಮೆ ಮಿತಿಮೀರಿದ್ದೂ ಇದೆ. 2024ರ ಸೆಮಿಫೈನಲ್‌ನಲ್ಲಿ ಟೆನೆಸಿ ಎದುರು 1.1 ಸೆಕೆಂಡ್ ಉಳಿದಿರುವಾಗ ಸೌತ್ ಕೆರೊಲೈನಾ 71–73ರಿಂದ ಹಿಂದಿತ್ತು. 6 ಅಡಿ 7 ಅಂಗುಲ ಎತ್ತರದ ಬ್ರೆಜಿಲ್‌ನ ಕಮೀಲಾ ಕಾರ್ಡೋಸೊ, ಅಂದಿನವರೆಗೂ ಕಾಲೇಜು ಪಂದ್ಯದಲ್ಲಿ ಒಂದೇ ಒಂದು ಮೂರು ಪಾಯಿಂಟ್ ಗಳಿಸಿರದಿದ್ದವಳು, ಗೆರೆಯ ಆಚೆ ಚೆಂಡು ಹಿಡಿದು ಎಸೆದಳು; ಚೆಂಡು ಹಲಗೆಗೆ ಬಡಿದು ಬಲೆಯೊಳಗೆ ಬಿತ್ತು, 74–73. ಮರುದಿನದ ಫೈನಲ್‌ನಲ್ಲಿ ಎಲ್‌ಎಸ್‌ಯು ವಿರುದ್ಧ ಕೊನೆಯ ನಿಮಿಷಗಳಲ್ಲಿ ಅದೇ ಕಾರ್ಡೋಸೊ ಎದುರಾಳಿಯನ್ನು ನೂಕಿ ಕೆಡವಿ ಹೊರಹಾಕಿಸಿಕೊಂಡಳು. ಬೆಂಚ್ ಬಿಟ್ಟು ಅಂಕಣಕ್ಕೆ ಇಳಿದವರೆಲ್ಲ ಹೊರಹೋಗಬೇಕಾಯಿತು, ಒಬ್ಬ ಪ್ರೇಕ್ಷಕ ಸ್ಕೋರರ್ ಮೇಜು ದಾಟಿ ಒಳಗೆ ನುಗ್ಗಿದ. 79–72ರಿಂದ ಗೆದ್ದ ಮೇಲೆ ಸ್ಟೇಲಿ ಅಂಕಣದಲ್ಲೇ ಮೈಕಿನ ಮುಂದೆ ಕ್ಷಮೆ ಕೇಳಿದರು. 24 ಗಂಟೆಯ ಒಳಗೆ ಟೂರ್ನಿ ತನ್ನ ಅತ್ಯುತ್ತಮ ಮತ್ತು ಅತಿ ಕೆಟ್ಟ ಗಳಿಗೆಗಳೆರಡನ್ನೂ ಕಂಡಿತ್ತು. ಅಂಕಣಕ್ಕೂ ಮುಂದಿನ ಸಾಲಿಗೂ ಇರುವ ಅಂತರ ಎಷ್ಟು ಕಿರಿದೆಂದು ಅಲ್ಲಿ ಕುಳಿತು ನೋಡಿದವರಿಗೆ ಆ ನುಗ್ಗುವಿಕೆ ಅಚ್ಚರಿಯೆನಿಸಲಾರದು.

ಇನ್ನು ಅನುಕೂಲ, ಅನನುಕೂಲಗಳ ವಿಚಾರ. ಟೂರ್ನಿ ನಡೆಯುವ ಬಾನ್ ಸೆಕೂರ್ ವೆಲ್‌ನೆಸ್ ಅರೀನಾ 1998ರಲ್ಲಿ ಶುರುವಾದ ಕಟ್ಟಡ. ಉಳಿದ ದಿನಗಳಲ್ಲಿ ಐಸ್ ಹಾಕಿ ಪಂದ್ಯಗಳಿಗೂ ಸಂಗೀತ ಕಾರ್ಯಕ್ರಮಗಳಿಗೂ ಬಳಕೆಯಾಗುತ್ತದೆ. ಅತಿ ದೊಡ್ಡದಲ್ಲದ ಕಾರಣ ಮೇಲಿನ ಹಂತದ ಸೀಟಿನಿಂದಲೂ ಜೆರ್ಸಿಯ ಸಂಖ್ಯೆ ಓದಬಹುದು. ನನ್ನ ಮಟ್ಟಿಗೆ ಬುಟ್ಟಿಯ ಹಿಂದಿನ ದುಬಾರಿ ಸೀಟುಗಳಿಗಿಂತ ಮೇಲಿನ ಹಂತದಲ್ಲಿ ಮಧ್ಯಗೆರೆಗೆ ನೇರವಾಗಿರುವ ಸೀಟುಗಳು ಎಷ್ಟೋ ಮೇಲು, ಬೆಲೆಯೂ ಕಡಿಮೆ. ಒಳಗೆ ತಂಪು ಜಾಸ್ತಿ, ಮಕ್ಕಳಿಗೆ ಸ್ವೆಟರ್ ಒಯ್ಯಿರಿ. ಟಿಕೆಟ್‌ಗಳನ್ನು ಇಡೀ ಟೂರ್ನಿಗೆ ಒಟ್ಟಾಗಿಯೂ ಮಾರುತ್ತಾರೆ, ಸೆಷನ್ ಲೆಕ್ಕದಲ್ಲಿಯೂ ಮಾರುತ್ತಾರೆ. ಒಂದು ಸೆಷನ್ ಎಂದರೆ ಬೆನ್ನುಬೆನ್ನಿಗೆ ಎರಡು ಪಂದ್ಯ, ಸುಮಾರು ನಾಲ್ಕೂವರೆ ಗಂಟೆಯ ವ್ಯವಹಾರ. ಮಧ್ಯಾಹ್ನದ ಸೆಷನ್ ಮುಗಿದೊಡನೆ ಅರೀನಾ ಖಾಲಿ ಮಾಡಿಸುತ್ತಾರೆ. ಸಂಜೆಯದ್ದಕ್ಕೆ ಮತ್ತೆ ಸರದಿಯಲ್ಲಿ ನಿಲ್ಲಬೇಕು. ಶುಕ್ರವಾರ ಎರಡೂ ಸೆಷನ್ ನೋಡುವವರಿಗೆ ಇದೊಂದು ಕಿರಿಕಿರಿ.

ಆ ನಡುವಿನ ಹೊತ್ತನ್ನು ಕಳೆಯಲು ಮಾತ್ರ ಗ್ರೀನ್‌ವಿಲ್‌ನಷ್ಟು ಒಳ್ಳೆಯ ಊರು ಸಿಗಲಾರದು. ಅರೀನಾದಿಂದ ನಡೆದುಹೋಗುವ ದೂರದಲ್ಲೇ ಮರಗಳ ಸಾಲಿನ ಮೇನ್ ಸ್ಟ್ರೀಟ್ ಇದೆ. ಅದರ ಕೊನೆಗೆ ರೀಡಿ ನದಿ ಪೇಟೆಯ ನಡುವೆಯೇ ಜಲಪಾತವಾಗಿ ಧುಮುಕುತ್ತದೆ. ಮೇಲೆ ಬಿಲ್ಲಿನಂತೆ ಬಾಗಿದ ಲಿಬರ್ಟಿ ಸೇತುವೆ. ಟೂರ್ನಿಯ ದಿನಗಳಲ್ಲಿ ಆ ಬೀದಿಯಲ್ಲಿ ಟೆನೆಸಿಯ ಕಿತ್ತಳೆ, ಎಲ್‌ಎಸ್‌ಯುವಿನ ನೇರಳೆ, ಸೌತ್ ಕೆರೊಲೈನಾದ ಕಡುಗೆಂಪು ಬಟ್ಟೆಯವರೇ ತುಂಬಿರುತ್ತಾರೆ. ಎದುರಾದ ತಂಡದ ಆಟಗಾರ್ತಿಯರು ನಿಂತು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವುದೂ ಉಂಟು. ಊಟಕ್ಕೂ ಇಲ್ಲಿಗೇ ಬನ್ನಿ. ಅರೀನಾದೊಳಗೆ ಸಸ್ಯಾಹಾರಿಗಳ ಪಾಲಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಆಲೂ ಫ್ರೈಸ್, ಚೀಸ್ ಸುರಿದ ನಾಚೋಸ್ ಬಿಟ್ಟರೆ ಹೆಚ್ಚಿನದೇನೂ ಇಲ್ಲ. ನಾಲ್ಕೂವರೆ ಗಂಟೆ ಕೂರುವ ಮಕ್ಕಳಿಗೆ ಅದು ಸಾಲುವುದಿಲ್ಲ, ಬೆಲೆಯೋ ಕೈ ಕಚ್ಚುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ; ಚೀಲದ ಗಾತ್ರಕ್ಕೂ ನಿಯಮವಿದೆ, ಮನೆ ಬಿಡುವ ಮುನ್ನ ಓದಿಕೊಳ್ಳಿ.

ಶಾರ್ಲಟ್‌ನಿಂದ ಬರುವವರಿಗೆ ಐ-85 ಹೆದ್ದಾರಿಯಲ್ಲಿ ನೂರು ಮೈಲಿ. ಗ್ಯಾಫ್ನಿಯ ಬಳಿ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ಕಂಡಾಗ ಅರ್ಧ ದಾರಿ ಮುಗಿಯಿತೆಂದು ಮಕ್ಕಳಿಗೆ ಹೇಳಬಹುದು. ಐ-385ರ ಕೊನೆಯೇ ಅರೀನಾದ ಪಕ್ಕ. ವಾಹನ ನಿಲುಗಡೆಯ ದರ ಟೂರ್ನಿಯ ದಿನಗಳಲ್ಲಿ ಏರುತ್ತದೆ. ಖಾಸಗಿ ಜಾಗವೊಂದರಲ್ಲಿ ಫಲಕದ ಮೇಲೆ ಬರೆದದ್ದೊಂದು, ಕೈಯಿಂದ ಕಿತ್ತುಕೊಂಡದ್ದೊಂದು ಆದ ಅನುಭವ ನನ್ನದು. ಸ್ವಲ್ಪ ನಡೆಯಲು ಸಿದ್ಧರಿದ್ದರೆ ನಗರಪಾಲಿಕೆಯ ಬಹುಮಹಡಿ ನಿಲ್ದಾಣಗಳೇ ನಂಬಿಕಸ್ಥ. ಹೋಟೆಲ್ ಬಾಡಿಗೆಯ ಕಥೆಯೂ ಹಾಗೆಯೇ. ಸ್ಪಾರ್ಟನ್‌ಬರ್ಗ್ ಕಡೆ ಉಳಿದುಕೊಂಡರೆ ಅರ್ಧ ಗಂಟೆಯ ದಾರಿಗೆ ಗಣನೀಯ ಉಳಿತಾಯವಾಗುತ್ತದೆ.

ಬ್ಯಾಸ್ಕೆಟ್‌ಬಾಲ್ ಗೊತ್ತಿದ್ದೂ ಕಾಲೇಜು ಮಹಿಳೆಯರ ಆಟ ನೋಡಿರದವರಿಗೆ ಒಂದೆರಡು ನಿಯಮಗಳನ್ನು ಹೇಳಬೇಕು. ಪುರುಷರ ಕಾಲೇಜು ಆಟ ಇಪ್ಪತ್ತು ನಿಮಿಷಗಳ ಎರಡು ಭಾಗಗಳಲ್ಲಿ ನಡೆದರೆ, ಮಹಿಳೆಯರದು 2015–16ರಿಂದ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್. ತಂಡದ ಫೌಲ್‌ಗಳ ಲೆಕ್ಕ ಪ್ರತಿ ಕ್ವಾರ್ಟರಿಗೂ ಹೊಸದಾಗಿ ಆರಂಭವಾಗುತ್ತದೆ, ಐದನೆಯ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಇದರಿಂದ ಆಟದ ಓಘ ಪುರುಷರದಕ್ಕಿಂತ ಕಡಿಮೆ ಮುರಿಯುತ್ತದೆ. ಟೆನೆಸಿಯ ಪಂದ್ಯವಿದ್ದರೆ ಇನ್ನೊಂದು ವಿಚಿತ್ರವನ್ನೂ ನೋಡಬಹುದು: ಕೋಚ್ ಕಿಮ್ ಕಾಲ್ಡ್‌ವೆಲ್ ಒಬ್ಬೊಬ್ಬರನ್ನು ಬದಲಿಸದೆ ಐವರನ್ನೂ ಒಟ್ಟಿಗೆ ಹೊರಕರೆದು ಹೊಸ ಐವರನ್ನು ಇಳಿಸುತ್ತಾರೆ. ಇಳಿದವರು ಅಂಕಣದ ಉದ್ದಕ್ಕೂ ಎದುರಾಳಿಯನ್ನು ಬೆನ್ನಟ್ಟಿ, ದಣಿಯುವ ಮುನ್ನವೇ ಮತ್ತೆ ಕುಳಿತುಕೊಳ್ಳುತ್ತಾರೆ. ಹಿಂದಿನ ಕೋಚ್ ಪ್ಯಾಟ್ ಸಮಿಟ್ ಕಟ್ಟಿದ, ಈ ಟೂರ್ನಿಯನ್ನು ಬೇರೆಲ್ಲರಿಗಿಂತ ಹೆಚ್ಚು, 17 ಬಾರಿ, ಗೆದ್ದ ತಂಡ ಅದು. 1980ರ ಮೊದಲ ಕಪ್ ಕೂಡ ಅವರದ್ದೇ. ರಾಷ್ಟ್ರೀಯ ಮಟ್ಟದಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಮಹಿಳೆಯರಿಗೆ ಟೂರ್ನಿ ನಡೆಸಲು ಆಗ ಇನ್ನೂ ಎರಡು ವರ್ಷವಿತ್ತು. ಆದರೆ 2014ರ ನಂತರ ಅವರಿಗೆ ಕಪ್ ಸಿಕ್ಕಿರಲಿಲ್ಲ, 2025ರಲ್ಲಿ ವ್ಯಾಂಡರ್‌ಬಿಲ್ಟ್ ಎದುರು ಗುರುವಾರವೇ ಸೋತು ಮನೆಗೆ ಹೋದರು. ಹಳೆಯ ಕಿತ್ತಳೆ ಅಂಗಿ ತೊಟ್ಟ ಅಜ್ಜಿಯರು ಶುಕ್ರವಾರದ ಟಿಕೆಟ್ ಕೈಯಲ್ಲಿದ್ದ ತಪ್ಪಿಗೆ ಬೇರೆಯವರ ಪಂದ್ಯಗಳನ್ನು ನೋಡುತ್ತ ಕುಳಿತಿದ್ದರು, ಮತ್ತು ಸೌತ್ ಕೆರೊಲೈನಾ ಎದುರು ಯಾರು ಆಡಿದರೂ ಅವರಿಗೇ ಚಪ್ಪಾಳೆ ತಟ್ಟುತ್ತಿದ್ದರು.

ಅಂತರ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ನಮ್ಮ ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿಯೂ ಇದೆ. ಅದನ್ನು ಆಡಿ ಬಂದ ತಾಯಂದಿರು ಇಲ್ಲಿ ಕಾಲೇಜು ಹುಡುಗಿಯರ ಪಂದ್ಯಕ್ಕೆ ಸಾವಿರಾರು ಜನ ದುಡ್ಡು ಕೊಟ್ಟು ಕೂರುವುದನ್ನು ಕಂಡು ಒಂದು ಕ್ಷಣ ಸುಮ್ಮನಾಗುವುದು ಸಹಜ. ಅಲ್ಲಿ ಅವರ ಪಂದ್ಯಗಳಿಗೆ ಪ್ರೇಕ್ಷಕರೆಂದರೆ ಬಹುಪಾಲು ಮುಂದಿನ ಪಂದ್ಯಕ್ಕೆ ಕಾದಿದ್ದ ತಂಡದವರೇ. ಊರಿನಲ್ಲಿ ಕುಳಿತು ಆನ್‌ಲೈನ್‌ನಲ್ಲಿ ನೋಡಬಯಸುವ ಬಂಧುಗಳಿಗೂ ಶುಕ್ರವಾರವೇ ಅನುಕೂಲ: ಮಧ್ಯಾಹ್ನದ ಸೆಷನ್ ಭಾರತದಲ್ಲಿ ರಾತ್ರಿ ಹತ್ತು, ಹತ್ತೂವರೆಯ ಸುಮಾರಿಗೆ ಆರಂಭವಾಗುತ್ತದೆ. ಫೈನಲ್ ಶುರುವಾಗುವ ಹೊತ್ತಿಗೆ ಅಲ್ಲಿ ಸೋಮವಾರ ಬಂದಿರುತ್ತದೆ.

ಇಷ್ಟು ಹೇಳಿದ ಮೇಲೂ ಫೈನಲ್‌ಗೇ ಹೋಗುತ್ತೇವೆನ್ನುವವರಿಗೆ ಎರಡು ಸೂಚನೆ. ಟಿಕೆಟ್‌ಗಳನ್ನು ಶನಿವಾರ ಸಂಜೆ ಸೆಮಿಫೈನಲ್ ಮುಗಿದ ಮೇಲೆ ಮರುಮಾರಾಟದಲ್ಲಿ ಹುಡುಕಿ; ಸೋತ ಎರಡು ತಂಡಗಳ ಬೆಂಬಲಿಗರು ತಮ್ಮ ಭಾನುವಾರದ ಸೀಟುಗಳನ್ನು ಬಿಟ್ಟುಕೊಡಲು ಆತುರದಲ್ಲಿರುತ್ತಾರೆ, ಬೆಲೆ ಇಳಿಯುತ್ತದೆ. ಸೌತ್ ಕೆರೊಲೈನಾ ಫೈನಲ್ ತಲುಪಿದ್ದರೆ ಮಾತ್ರ ಈ ಲೆಕ್ಕ ಕೈಕೊಡಬಹುದು, ಏಕೆಂದರೆ ಅವರ ಕಡೆಯವರು ಕೊಲಂಬಿಯದಿಂದ ಅದೇ ಸೀಟುಗಳಿಗೆ ಕಾದಿರುತ್ತಾರೆ. ಇನ್ನೊಂದು, 2025ರಂತೆ ಫೈನಲ್ ಮಾರ್ಚ್‌ನ ಎರಡನೇ ಭಾನುವಾರ ಬಿದ್ದರೆ ಅಂದೇ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಮಧ್ಯಾಹ್ನ ಮೂರಕ್ಕೆ ಶುರುವಾದ ಪಂದ್ಯ ಮುಗಿದು, ಗೆದ್ದವರು ಏಣಿ ಹತ್ತಿ ಬಲೆ ಕತ್ತರಿಸುವುದನ್ನೂ ನೋಡಿ, ನಿಲುಗಡೆಯಿಂದ ಕಾರು ಹೊರತೆಗೆಯುವಷ್ಟರಲ್ಲಿ ಆರು ದಾಟುತ್ತದೆ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಶಾಲಾ ಬಸ್ಸಿಗೆ ಎಬ್ಬಿಸಬೇಕಾದವರು ಆ ಒಂದು ಗಂಟೆಯನ್ನೂ ಲೆಕ್ಕಕ್ಕೆ ಹಿಡಿದು ಹೊರಡಬೇಕು.